ಎರಡು ಪಟ್ಟು ವೇಗದಲ್ಲಿ ಕೇಳಿದ ಪಾಠ

ಧನಕವಡಿ, ಪುಣೆ
೧೦ ಜೂನ್ ೨೦೨೪

ಕ್ಯಾಪ್ಟನ್ ಸಿದ್ದಾರೂಢ ಕೋರಿ ಅವರಿಗೆ,

ನಮಸ್ಕಾರ. ವಿಮಾನ ಓಡಿಸುವ ಪರೀಕ್ಷೆಗೆ ಓದುವವಳು ಒಂದು ಸಂಶಯ ಕೇಳುವುದಕ್ಕೆ ಲಕೋಟೆಗೆ ಅಂಚೆಚೀಟಿ ಹಚ್ಚಬೇಕು ಎಂದರೆ ಯಾರಾದರೂ ನಂಬುತ್ತಾರೆಯೇ? ನಿಮ್ಮ ವಿಡಿಯೋಗಳ ಕೆಳಗೆ ಕಾಮೆಂಟ್ ಬರೆಯುವ ಜಾಗ ಮುಚ್ಚಿದ್ದೀರಿ. ಇ-ಮೇಲ್ ಕೊಟ್ಟಿಲ್ಲ. ಪ್ರತಿ ಪಾಠದ ಕೊನೆಗೆ ಹುಬ್ಬಳ್ಳಿಯ ವಿಳಾಸ ತೋರಿಸಿ, ಸಂಶಯ ಇದ್ದರೆ ಕಾಗದ ಬರೆಯಿರಿ ಎನ್ನುತ್ತೀರಿ. ಧನಕವಡಿ ಪೋಸ್ಟಿನಲ್ಲಿ ಕೂತಿರುವ ಹೆಂಗಸು ನನ್ನ ಲಕೋಟೆಯನ್ನು ತಿರುಗಿಸಿ ನೋಡಿ, ರಾಖಿಗೆ ಇನ್ನೂ ಬಹಳ ದಿನ ಇದೆಯಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಅಷ್ಟರಮಟ್ಟಿಗೆ ಜನ ಕಾಗದ ಬರೆಯುವುದನ್ನು ಬಿಟ್ಟಿದ್ದಾರೆ. ನಿಮಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ನೀವು ಪಾಠ ಮಾಡುವುದು ಹಿಂದಿ, ಇಂಗ್ಲಿಷ್ ಬೆರೆಸಿ. ನಾನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಎರಡನೆಯ ಪಾಠದಲ್ಲಿ ನಿಮ್ಮ ಕೈಯಿಂದ ಮಾರ್ಕರ್ ಜಾರಿ ಬಿದ್ದಾಗ ‘ಥೂ ಇದರ’ ಎಂದಿರಿ. ಅದು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಜಗಳ ಮಾಡುವುದಾದರೆ ಮನೆಯ ಮಾತಿನಲ್ಲೇ ಮಾಡೋಣ ಎಂದುಕೊಂಡೆ.

ನನ್ನ ಹೆಸರು ಸಪ್ನಾ. ಅಪ್ಪ ತಾಯಪ್ಪ ಯಾದಗಿರಿ ಕಡೆಯವರು, ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಬಂದು ಪುಣೆಯಲ್ಲೇ ನಿಂತವರು. ಅವ್ವ ಇಲ್ಲಿನ ಕಾಲೇಜು ಹುಡುಗರ ಮೆಸ್ಸುಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಡುತ್ತಾಳೆ. ಸರಕಾರದ ವಿದ್ಯಾರ್ಥಿವೇತನದ ಮೇಲೆ ನನಗೆ ಹಾರಾಟದ ತರಬೇತಿ ಸಿಕ್ಕಿತು. ಬರೆಯುವ ಪರೀಕ್ಷೆಗಳಲ್ಲಿ ಹವಾಮಾನ, ದಿಕ್ಕು, ನಿಯಮ ಎಲ್ಲ ದಾಟಿದ್ದೇನೆ. ಉಳಿದದ್ದು ಏರೋಡೈನಮಿಕ್ಸ್ ಒಂದೇ. ಅಕ್ಟೋಬರಿನಲ್ಲಿ ಅದು ಆಗದಿದ್ದರೆ ಹಿಂದೆ ಪಾಸಾದ ಪತ್ರಿಕೆಗಳ ಗಡುವು ಮುಗಿದು ಎಲ್ಲವನ್ನೂ ಮೊದಲಿಂದ ಬರೆಯಬೇಕು. ನಮ್ಮ ಮನೆಯಲ್ಲಿ ಮೊದಲಿಂದ ಎನ್ನುವ ಮಾತಿಲ್ಲ. ಅಣ್ಣ ಕಿಶೋರ ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾನೆ. ಅಲ್ಲಿಯ ಆಫೀಸಿನಲ್ಲಿ ನನಗೊಂದು ಕುರ್ಚಿ ಗೊತ್ತು ಮಾಡಿಟ್ಟಿದ್ದಾನೆ. ಪಾಸಾಗದಿದ್ದರೆ ನವೆಂಬರಿನಲ್ಲಿ ಹೋಗಿ ಅದರ ಮೇಲೆ ಕೂತುಕೊಳ್ಳಬೇಕು ಎಂದು ಅಪ್ಪ ಹೇಳಿಯಾಗಿದೆ. ಆಗಲಿ ಎಂದು ನಾನೂ ಒಪ್ಪಿದ್ದೇನೆ.

ಈಗ ದೂರು. ನೀವು ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಮಾತಾಡುತ್ತೀರಿ. ಪಟಪಟ ನಾಲ್ಕು ಶಬ್ದ ಒದರಿ ನಿಲ್ಲುತ್ತೀರಿ, ಮತ್ತೆ ಒದರುತ್ತೀರಿ. ಬಲಗೈ ಸದಾ ಜೇಬಿನಲ್ಲಿ, ಮದುವೆಯ ಫೋಟೋಕ್ಕೆ ನಿಂತ ಬೀಗರಂತೆ. ಎಡಗೈಯಲ್ಲಿ ಬರೆದು, ಬರೆದದ್ದರ ಮುಂದೆಯೇ ನಿಂತುಬಿಡುತ್ತೀರಿ. ರೆಕ್ಕೆಗೆ ವಿಮಾನ ಹೊರಲಾಗದೆ ಕುಸಿಯುವ ಆ ಸ್ಟಾಲ್ ಪಾಠದಲ್ಲಿ, ಸ್ಟಾಲಿಗೂ ವೇಗಕ್ಕೂ ಸಂಬಂಧವಿಲ್ಲ ಎಂದು ಬೋರ್ಡು ಗುದ್ದಿ ಹೇಳಿದಿರಿ. ಮುಂದಿನ ಪಾಠದ ಹೆಸರೇ ಸ್ಟಾಲ್ ವೇಗ. ನಾನು ಯಾವುದಕ್ಕೆ ಟಿಕ್ ಹಾಕಲಿ?

ಹಳೆಯ ಪ್ರಶ್ನೆಗಳ ಸಂಗ್ರಹ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದನ್ನು ಕಳಿಸಿಬಿಟ್ಟರೆ ನಿಮಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ.

ಇಂತಿ,
ಸಪ್ನಾ ತಾಯಪ್ಪ


ವಿದ್ಯಾನಗರ, ಹುಬ್ಬಳ್ಳಿ
೨೬ ಜೂನ್ ೨೦೨೪

ಕುಮಾರಿ ಸಪ್ನಾ ಅವರಿಗೆ,

ಕಾಗದ ಬಂತು. ಪ್ರಶ್ನೆ ಒಂದು, ದೂರು ಬಹಳ.

ರೆಕ್ಕೆಗೆ ವೇಗದ ಮುಳ್ಳು ಕಾಣುವುದಿಲ್ಲ. ಗಾಳಿ ತನಗೆ ಯಾವ ಕೋನದಲ್ಲಿ ಬಂದು ತಾಗುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ಕೋನ ಮಿತಿ ಮೀರಿದರೆ ಯಾವ ವೇಗದಲ್ಲಿದ್ದರೂ ಸ್ಟಾಲ್. ನೆಟ್ಟಗೆ ಒಂದೇ ಎತ್ತರದಲ್ಲಿ ಹೋಗುವಾಗ, ವೇಗ ಇಳಿದಂತೆ ವಿಮಾನದ ಮೂತಿ ಎತ್ತುತ್ತ ಹೋಗಬೇಕಾಗುತ್ತದೆ. ಮಿತಿಯ ಕೋನ ಬಂದಾಗ ಮುಳ್ಳು ಎಲ್ಲಿರುತ್ತದೋ ಅದಕ್ಕೆ ಸ್ಟಾಲ್ ವೇಗ ಎನ್ನುತ್ತಾರೆ. ತಿರುವಿನಲ್ಲಿ ಅದು ಏರುತ್ತದೆ. ಭಾರ ಹೆಚ್ಚಿದರೂ ಏರುತ್ತದೆ. ಕೋನ ಮಾತ್ರ ಅದೇ. ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿ ನಿಧಾನ ಹೊರಳಿಸಿ ನೋಡಿ.

ಪ್ರಶ್ನೆಗಳ ಸಂಗ್ರಹ ಇಲ್ಲ. ಇದ್ದರೂ ಕೊಡುವುದಿಲ್ಲ. ಬೆನ್ನ ಹಿಂದೆ ವಿಮಾನದ ತುಂಬ ಜನ ಕೂತಿರುವಾಗ, ನಾಲ್ಕು ಉತ್ತರ ತೋರಿಸಿ ಒಂದಕ್ಕೆ ಟಿಕ್ ಹಾಕು ಎಂದು ಯಾರೂ ಹೇಳುವುದಿಲ್ಲ. ಅದರ ಬದಲು ಒಂದು ಕೆಲಸ ಮಾಡಿ. ಸ್ಟಾಲ್ ಎಂದರೆ ಏನಾಗುತ್ತದೆ ಎಂದು ಒಂದೂ ಇಂಗ್ಲಿಷ್ ಶಬ್ದವಿಲ್ಲದೆ ಕನ್ನಡದಲ್ಲಿ ಬರೆದು ಕಳಿಸಿ. ಬರೆಯಲು ಬಂದರೆ ತಿಳಿದಿದೆ, ಬರದಿದ್ದರೆ ಇಲ್ಲ.

ನಾನು ಗಡಿಬಿಡಿಯಲ್ಲಿ ಮಾತಾಡುತ್ತೇನೆ ಎಂದಿದ್ದೀರಿ. ನನ್ನ ಮೇಲೆ ನಾನಾ ಆಪಾದನೆಗಳು ಬಂದಿವೆ, ಇದೊಂದು ಬಂದಿರಲಿಲ್ಲ. ಎಲ್ಲಿ ಎಂದು ತಿಳಿಸಿದರೆ ಉಪಕಾರ.

ಸಿ. ಕೋರಿ


ಧನಕವಡಿ
೪ ಜುಲೈ ೨೦೨೪

ಕ್ಯಾಪ್ಟನ್ ಸಾಹೇಬರಿಗೆ,

ನಿಮ್ಮ ಕಾಗದ ಓದಲು ಮನೆಮಂದಿಯೆಲ್ಲ ಸೇರಬೇಕಾಯಿತು. ಅಕ್ಷರಗಳು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜಾರುತ್ತಿವೆ. ಡಾಕ್ಟರರ ಚೀಟಿ ಓದುವುದರಲ್ಲಿ ಪಳಗಿದ ನಮ್ಮ ಮೆಡಿಕಲ್ ಅಂಗಡಿಯ ದಿಗಂಬರ ಕಾಕಾ ಅವರಿಗೆ ತೋರಿಸಿದೆ. ಕನ್ನಡ ಬಂದಿದ್ದರೆ ಓದುತ್ತಿದ್ದೆ, ಆದರೆ ಇದು ಕನ್ನಡ ಹೌದೋ ಅಲ್ಲವೋ ನೀನೇ ಮೊದಲು ಖಾತ್ರಿ ಮಾಡಿಕೋ ಎಂದರು. ನಾಲ್ಕು ಮಂದಿಗೆ ಪಾಠ ಹೇಳುವವರು ಸ್ವಲ್ಪ ಮನಸ್ಸಿಟ್ಟು ಬರೆಯಬೇಕಲ್ಲವೇ?

ಬಸ್ಸಿನ ಪ್ರಯೋಗವೂ ಆಯಿತು. ಕಾತ್ರಜದಿಂದ ಸ್ವಾರಗೇಟಿನ ತನಕ ಕೈ ಹೊರಗೆ ಚಾಚಿಕೊಂಡು ಕೂತೆ. ಬಸ್ಸು ಓಡಿದರೆ ತಾನೇ ಗಾಳಿ? ಅಷ್ಟೂ ದೂರ ಟ್ರಾಫಿಕ್ಕಿನಲ್ಲಿ ತೆವಳಿತು. ಒಂದು ಫ್ಲೈಓವರಿನ ಮೇಲೆ ಮಾತ್ರ ಜೋರು ಹೋಯಿತು. ಆಗ ಅಂಗೈ ಹೊರಳಿಸಿದೆ. ತೋಳು ತಾನೇ ಮೇಲೆದ್ದಿತು, ಇನ್ನೂ ಹೊರಳಿಸಿದೆ, ಥಟ್ಟನೆ ಕೆಳಗೆ ಬಿತ್ತು. ಸಂತೋಷಪಡುವಷ್ಟರಲ್ಲಿ ಕಂಡಕ್ಟರ್ ಬಂದು ‘ಹಾತ್ ಆತ್ ಘೇ’, ಕೈ ಒಳಗೆ ತಗೋ, ಎಂದು ಗದರಿದ. ನಾನು ವಿಮಾನದ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. ಇಡೀ ಬಸ್ಸು ನಕ್ಕಿತು.

ಕನ್ನಡದಲ್ಲಿ ಬರೆಯಲು ಕೂತೆ. ‘ವಿಮಾನದ ಆಂಗಲ್’ ಎನ್ನುವಲ್ಲಿಗೇ ಮುಗಿಯಿತು. ಇಷ್ಟರಲ್ಲಿ ಇನ್ನೆರಡು ಪಾಠ ಓದಬಹುದಿತ್ತು. ಇಂಥ ಶಾಲೆಯ ಹುಡುಗರ ಕೆಲಸ ನನಗೆ ಬೇಡ ಸರ್, ವೇಳೆ ಇಲ್ಲ.

ಗಡಿಬಿಡಿ ಎಲ್ಲಿ ಎಂದು ಕೇಳಿದ್ದೀರಿ. ಎಲ್ಲ ಕಡೆಗೂ. ನಿಮ್ಮ ಪಾಠದ ಮೇಲೆ ಐವತ್ತು ನಿಮಿಷ ಎಂದು ಬರೆದಿರುತ್ತದೆ. ನಾನು ಇಪ್ಪತ್ತೈದಕ್ಕೆ ಮುಗಿಸಿ ಏಳುತ್ತೇನೆ. ಅಷ್ಟರಲ್ಲೇ ತಲೆ ಧಿಮ್ಮೆನ್ನುತ್ತದೆ.

ಸಪ್ನಾ


ಹುಬ್ಬಳ್ಳಿ
೨೨ ಜುಲೈ ೨೦೨೪

ಸಪ್ನಾ ಅವರಿಗೆ,

ಐವತ್ತು ನಿಮಿಷದ ಪಾಠ ಇಪ್ಪತ್ತೈದಕ್ಕೆ ಹೇಗೆ ಮುಗಿಯುತ್ತದೆ ಎಂದು ಎರಡು ದಿನ ವಿಚಾರ ಮಾಡಿದೆ. ಮನೆಯವರು ಫೋನ್ ಹಿಡಿದು, ಒತ್ತಿ ತೋರಿಸಿದ ಮೇಲೆ ತಿಳಿಯಿತು. ನೀವು ನನ್ನನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿಕೊಂಡು ನೋಡುತ್ತಿದ್ದೀರಿ. ನನ್ನನ್ನು ನಾನೇ ಹಾಗೆ ನೋಡಿದೆ. ಜಾತ್ರೆಯಲ್ಲಿ ಔಷಧ ಮಾರುವವನಂತೆ ಕಂಡೆ.

ನಾನು ನಡುವೆ ನಿಲ್ಲುವ ಆ ಗಳಿಗೆಗಳು ಪಾಠದ ಭಾಗ. ಅವನ್ನು ನುಂಗಿ ಪಾಠ ತಿಳಿಯಲಿಲ್ಲ ಎಂದರೆ ನಾನೇನು ಮಾಡಲಿ? ಇದ್ದ ವೇಗದಲ್ಲಿ ನೋಡಿ. ಆಮೇಲೂ ನಾನು ಒದರುತ್ತೇನೆ ಅನ್ನಿಸಿದರೆ ಬರೆಯಿರಿ.

ಅಂಗೈ ಹೊರಳಿದಾಗ ಕೆಳಗೆ ಬಿತ್ತು ಎಂದಿದ್ದೀರಿ. ಏಕೆ ಬಿತ್ತು? ಅದನ್ನು ಬರೆಯುವುದೇ ನಾನು ಹೇಳಿದ ಕೆಲಸ. ಶಾಲೆಯ ಹುಡುಗರಿಗೆ ಅದು ಬರುವುದಿಲ್ಲ. ಅಕ್ಷರದ ಬಗ್ಗೆ ಕ್ಷಮೆ ಇರಲಿ.

ಸಿ. ಕೋರಿ


ಧನಕವಡಿ
೨೯ ಜುಲೈ ೨೦೨೪

ಕ್ಯಾಪ್ಟನ್ ಸಾಹೇಬರಿಗೆ,

ನಿಮ್ಮ ಅಪ್ಪಣೆಯಂತೆ ಸ್ಟಾಲ್ ಪಾಠವನ್ನು ಇದ್ದ ವೇಗದಲ್ಲಿ ನೋಡಿದೆ. ದೇವರೇ. ನೀವು ‘ವಿಂಗ್’ ಎಂದು ನಿಂತಿರಿ. ಅವ್ವ ಒಂದು ರೊಟ್ಟಿ ತಟ್ಟಿ ಹಂಚಿನ ಮೇಲೆ ಹಾಕಿದಳು. ನೀವು ಇನ್ನೂ ನಿಂತಿದ್ದಿರಿ. ‘ನೆಟ್ ಹೋತೇನ?’ ಎಂದು ಅವ್ವ ಕೇಳಿದಳು. ಕಿಶೋರ ಎದ್ದು ಹೋಗಿ ವೈಫೈ ಡಬ್ಬಿ ಆರಿಸಿ ಹಚ್ಚಿದ. ಅದು ಮತ್ತೆ ಶುರುವಾದಾಗಲೂ ನೀವು ಅಲ್ಲೇ ಇದ್ದಿರಿ.

ಸಿಟ್ಟಿನಲ್ಲಿದ್ದೇನೆ, ಅದಕ್ಕೇ ಬರೆದುಬಿಡುತ್ತೇನೆ. ಪಾಠ ಉದ್ದ ಮಾಡಿದರೆ ನಡುವೆ ಜಾಹೀರಾತು ಹೆಚ್ಚು ಬರುತ್ತದೆ, ಅದಕ್ಕೇ ಕೋರಿ ಸರ್ ಎಳೆಯುತ್ತಾರೆ ಎಂದು ನಮ್ಮ ಓದಿನ ಗ್ರೂಪಿನಲ್ಲಿ ಹೇಳುತ್ತಾರೆ. ನಾನು ನಂಬಿರಲಿಲ್ಲ. ಈಗ ಇನ್ನೊಂದು ಸಂಗತಿ ಕಂಡಿದೆ. ಎರಡು ಪಟ್ಟು ವೇಗದಲ್ಲಿ ಅದು ಕೇಳಿಸುತ್ತಿರಲಿಲ್ಲ. ನೀವು ನಿಂತಾಗಲೆಲ್ಲ ಎಡಕ್ಕೆ ನೋಡುತ್ತೀರಿ. ಅಲ್ಲಿ ಯಾರೋ ಹೆಂಗಸು ಮೆಲ್ಲಗೆ ಒಂದು ಶಬ್ದ ಹೇಳುತ್ತಾರೆ. ‘ಕ್ಯಾಂಬರ್’ ಎನ್ನುತ್ತಾರೆ, ನೀವು ‘ಕ್ಯಾಂಬರ್’ ಎನ್ನುತ್ತೀರಿ. ‘ಟ್ರೇಲಿಂಗ್ ಎಡ್ಜ್’ ಎನ್ನುತ್ತಾರೆ, ನೀವೂ ಅದನ್ನೇ ಎನ್ನುತ್ತೀರಿ. ಅಂದರೆ ಪಾಠ ನಿಮ್ಮದಲ್ಲ. ಯಾರೋ ಪುಸ್ತಕ ಹಿಡಿದು ಹೇಳಿಕೊಡುತ್ತಾರೆ, ನೀವು ಕ್ಯಾಪ್ಟನ್ ಎಂದು ಮುಂದೆ ನಿಲ್ಲುತ್ತೀರಿ.

ನನಗೆ ಕನ್ನಡದಲ್ಲಿ ಬರೆ, ತಿಳಿದಿದ್ದರೆ ಬರುತ್ತದೆ ಎಂದು ಬುದ್ಧಿ ಹೇಳಿದಿರಿ. ನಿಮಗೆ ಮೊದಲು ಬರುತ್ತದೆಯೇ? ಇಪ್ಪತ್ತು ಪಾಠ ನಿಮ್ಮನ್ನು ನಂಬಿ ಓದಿದ್ದೇನೆ. ಇದೇ ಪತ್ರಿಕೆಯಲ್ಲಿ ಎರಡು ಸಲ ಬಿದ್ದವಳು ನಾನು, ಅದನ್ನು ನಿಮಗೆ ಹೇಳಿರಲಿಲ್ಲ. ಮೂರನೆಯ ಸಲ ಬೀಳುವುದು ನಿಮ್ಮಿಂದಾದರೆ ಆ ಚಾಕಣದ ಕುರ್ಚಿಯ ಮೇಲೆ ಕೂತು ದಿನಾ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ.

ಸಪ್ನಾ


ಧನಕವಡಿ
೨೧ ಆಗಸ್ಟ್ ೨೦೨೪

ಕ್ಯಾಪ್ಟನ್ ಸಾಹೇಬರಿಗೆ,

ನಿಮ್ಮಿಂದ ಉತ್ತರವಿಲ್ಲ. ಅದು ಇರಲಿ. ಪ್ರತಿ ಭಾನುವಾರ ಬರುತ್ತಿದ್ದ ಪಾಠವೂ ಬಂದಿಲ್ಲ. ಜೆಟ್ ವಿಮಾನದ ಹಿಂದಕ್ಕೆ ಬಾಗಿದ ರೆಕ್ಕೆಯ ಬಗ್ಗೆ ಮುಂದೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಿರಿ. ಏರ್‌ಲೈನಿಗೆ ಹೋಗುವವರನ್ನು ಅದರ ಮೇಲೆಯೇ ಹೆಚ್ಚು ಕೇಳುತ್ತಾರೆ. ಬೇರೆಯವರ ವಿಡಿಯೋ ನೋಡಿದೆ. ಒಬ್ಬ ಪಾಠ ಶುರು ಮಾಡುವ ಮೊದಲು ತನ್ನ ಕಾರು ತೋರಿಸುತ್ತಾನೆ. ಇನ್ನೊಬ್ಬಳು ಉತ್ತರ ಮಾತ್ರ ಹೇಳುತ್ತಾಳೆ, ಏಕೆ ಎಂದು ಹೇಳುವುದಿಲ್ಲ. ಏಕೆ ಎಂದು ಕೇಳುವ ಚಟ ನೀವು ಹಚ್ಚಿದ್ದೀರಿ. ಈಗ ನಡುವೆ ಬಿಟ್ಟರೆ ಹೇಗೆ?

ಮುಂದಿನ ಭಾನುವಾರ ಬರುತ್ತದೆಯೋ ಇಲ್ಲವೋ, ಒಂದು ಸಾಲು ಬರೆಯಿರಿ.

ಸಪ್ನಾ


ಹುಬ್ಬಳ್ಳಿ
೭ ಸೆಪ್ಟೆಂಬರ್ ೨೦೨೪

ತಂಗಿ ಸಪ್ನಾ,

ಇನ್ನು ‘ನೀವು’ ಎಂದು ಬರೆಯುವುದಿಲ್ಲ. ಅಷ್ಟು ಬೈದವರನ್ನು ಏಕವಚನದಲ್ಲಿ ಕರೆಯುವ ಹಕ್ಕು ನನಗಿದೆ.

ಯಾರೋ ಹೆಂಗಸು ಎಂದು ಬರೆದಿದ್ದಿ. ಆಕೆ ನನ್ನ ಹೆಂಡತಿ ಭಾಗ್ಯಾ. ಮೂರು ವರ್ಷದ ಹಿಂದೆ, ರಜೆಯಲ್ಲಿ ಮನೆಗೆ ಬಂದಾಗ, ಬೆಳಿಗ್ಗೆ ಚಹದ ಬಟ್ಟಲು ಕೈಯಿಂದ ಜಾರಿತು. ಎತ್ತಲು ಹೋದೆ, ಕೈ ಬರಲಿಲ್ಲ. ಭಾಗ್ಯಾಳನ್ನು ಕರೆಯಲು ಹೋದೆ, ಹೆಸರು ಬರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಈಗಲೂ ಬರೀ ಜೇಬು ತುಂಬಲು ಇದೆ. ಹಾರುವ ಪರವಾನಗಿ ಅಂದೇ ಹೋಯಿತು. ಅದಕ್ಕೆ ಅಷ್ಟು ದುಃಖವಾಗಲಿಲ್ಲ. ಶಬ್ದ ಹೋದದ್ದಕ್ಕೆ ಆಯಿತು. ರೆಕ್ಕೆ ಏನು ಮಾಡುತ್ತದೆ, ಗಾಳಿ ಏನು ಮಾಡುತ್ತದೆ ಎಲ್ಲ ತಲೆಯಲ್ಲಿ ಹಾಗೇ ಇದೆ. ಅದರ ಹೆಸರು ಮಾತ್ರ ಬಾಯಿಗೆ ಬಂದು ಮುಟ್ಟುವುದಿಲ್ಲ. ಬರೆಯುವಾಗ ಕಾಯಬಹುದು, ಅದಕ್ಕೇ ಕಾಗದ. ಈ ಕಾಗದಕ್ಕೆ ಒಂದು ವಾರ ಹಿಡಿದಿದೆ, ಎಡಗೈ ಇನ್ನೂ ಕಲಿಯುತ್ತಿದೆ.

ದಿನಾ ಗಟ್ಟಿಯಾಗಿ ಮಾತಾಡಬೇಕು ಎಂದು ಡಾಕ್ಟರು ಹೇಳಿದರು. ಗೋಡೆಯ ಮುಂದೆ ಮಾತಾಡಿ ನೋಡಿದೆ. ಶಬ್ದ ಸಿಗದಿದ್ದರೆ ಬಿಟ್ಟುಬಿಡುತ್ತಿದ್ದೆ, ಗೋಡೆ ಏನೂ ಕೇಳುವುದಿಲ್ಲ. ಯಾರಾದರೂ ಕಾದಿದ್ದಾರೆ ಎಂದರೆ ಹಿಡಿದ ವಾಕ್ಯ ಮುಗಿಸಲೇಬೇಕು. ಅದಕ್ಕಾಗಿ ವಿಡಿಯೋ ಶುರು ಮಾಡಿದೆವು. ಭಾಗ್ಯಾ ಬ್ಯಾಂಕಿನಲ್ಲಿದ್ದವಳು, ಆಕೆಗೆ ವಿಮಾನದ ಒಂದು ಮೊಳೆಯೂ ಗೊತ್ತಿಲ್ಲ. ಯಾವ ಶಬ್ದದ ಮುಂದೆ ಯಾವುದು ಬರಬೇಕು ಎನ್ನುವುದನ್ನು ಬಾಯಿಪಾಠ ಮಾಡಿಕೊಂಡು ನನ್ನ ಪಕ್ಕ ನಿಲ್ಲುತ್ತಾಳೆ. ಪಾಠ ನನ್ನದು. ಶಬ್ದ ಎತ್ತಿಕೊಡುವುದು ಆಕೆ.

ಮೊದಮೊದಲು ಕಾಮೆಂಟ್ ತೆರೆದಿಟ್ಟಿದ್ದೆವು. ನೋಡಿದವರು ಅಂಕಲ್ ಬ್ಯಾಟರಿ ಮುಗಿದಿದೆ ಎಂದು ಬರೆದರು. ನಾನು ನಕ್ಕೆ, ಭಾಗ್ಯಾ ನಗಲಿಲ್ಲ. ಆಕೆಯೇ ಮುಚ್ಚಿದಳು.

ನಿನ್ನ ಕಾಗದವನ್ನು ಆಕೆ ಓದಬಾರದಿತ್ತು. ಓದಿಬಿಟ್ಟಳು. ‘ನನ್ನ ದನಿ ಕೇಳಿ ನಿಮ್ಮ ವಿದ್ಯೆಗೆ ಕೆಟ್ಟ ಹೆಸರು ಬರತದ, ನಾ ಇನ್ ನಿಂದ್ರೂದಿಲ್ರಿ’ ಎಂದಳು. ಅವಳಿಲ್ಲದೆ ಒಂದು ಭಾನುವಾರ ಒಬ್ಬನೇ ನಿಂತೆ. ‘ನಮಸ್ಕಾರ’ದ ಮುಂದೆ ಹೋಗಲಿಲ್ಲ. ಬೋರ್ಡು ತೆಗೆದು ಅಟ್ಟದ ಮೇಲಿಟ್ಟಿದ್ದೇವೆ. ಬಾಗಿದ ರೆಕ್ಕೆಯ ಪಾಠ ಬರುವುದಿಲ್ಲ. ನಿನ್ನ ಪರೀಕ್ಷೆಯ ಮುಂದೆ ಹೀಗಾದದ್ದು ನನಗೆ ಸರಿ ಕಾಣುತ್ತಿಲ್ಲ. ಒಳ್ಳೆಯ ಪುಸ್ತಕದ ಹೆಸರು ಕೆಳಗೆ ಬರೆದಿದ್ದೇನೆ, ಓದು.

ಸಿದ್ದಾರೂಢ ಕೋರಿ


ಧನಕವಡಿ
೧೩ ಸೆಪ್ಟೆಂಬರ್ ೨೦೨೪

ಸರ್,

ನಿಮ್ಮ ಕಾಗದ ಓದಿ ನನ್ನ ಮೇಲೆ ನನಗೆ ಹೇಸಿಗೆ ಬಂತು. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ಎರಡನ್ನೂ ಬರೆಯುತ್ತೇನೆ.

ಮೊದಲನೆಯದಕ್ಕೆ ಹೆಚ್ಚು ಮಾತು ಬೇಡ. ಭಾಗ್ಯಾ ಅಕ್ಕಾರಿಗೆ ಹೇಳಿರಿ, ತಪ್ಪಾಯಿತು. ಕಾಗದದಲ್ಲಿ ಬರೆದರೆ ಅದು ಬಹಳ ಸಣ್ಣದಾಗಿ ಕಾಣುತ್ತದೆ, ಆದರೂ ಬರೆದಿದ್ದೇನೆ.

ಎರಡನೆಯದು. ಯಾರೋ ಧನಕವಡಿಯ ಹುಡುಗಿ ಏನೋ ಬರೆದಳು ಎಂದು ಬೋರ್ಡು ಅಟ್ಟಕ್ಕೆ ಹಾಕುತ್ತೀರಾ? ಇಷ್ಟು ವರ್ಷ ಮೋಡ, ಮಿಂಚಿನಲ್ಲಿ ವಿಮಾನ ಓಡಿಸಿದವರು ಒಂದು ಲಕೋಟೆಗೆ ಹೆದರುತ್ತಾರಾ? ಅಂಕಲ್ ಬ್ಯಾಟರಿ ಎಂದವರಿಗೆ ನಕ್ಕಿರಿ, ನನ್ನ ಮಾತಿಗೆ ಮಾತ್ರ ನಿಂತುಬಿಟ್ಟಿರಿ. ಹಾಗಾದರೆ ನನ್ನ ಪರೀಕ್ಷೆ ಯಾರು ದಾಟಿಸುತ್ತಾರೆ? ನೀವು ಹೇಳಿದ ಪುಸ್ತಕ ತಂದೆ. ಅದರಲ್ಲಿ ಬಾಗಿದ ರೆಕ್ಕೆಯ ಪುಟವನ್ನು ಐದು ಸಲ ಓದಿದೆ. ಒಂದು ಸಲವೂ ಅದು ನಿಂತು, ಇವಳಿಗೆ ತಿಳಿಯಿತೋ ಇಲ್ಲವೋ ಎಂದು ನೋಡಲಿಲ್ಲ.

ನೀವು ಹೇಳಿದ ಕೆಲಸ ಮಾಡಿದ್ದೇನೆ. ಅವ್ವನ ಮುಂದೆ ಕೂತು ಮೊದಲು ಬಾಯಲ್ಲಿ ಹೇಳಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಮೋಸಕ್ಕೆ ಜಾಗವಿರಲಿಲ್ಲ. ಎಲ್ಲಿ ಅವಳು ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳೋ ಅಲ್ಲಿ ನನಗೇ ತಿಳಿದಿರಲಿಲ್ಲ ಎಂದು ಗೊತ್ತಾಯಿತು. ಕೊನೆಗೆ ಆದದ್ದು ಇಷ್ಟು:

ರೆಕ್ಕೆಯ ಎದುರಿನಿಂದ ಗಾಳಿ ಬರುತ್ತದೆ. ರೆಕ್ಕೆ ತನ್ನ ಮುಂದಿನ ಅಂಚನ್ನು ಸ್ವಲ್ಪ ಎತ್ತಿಕೊಂಡು ಹೋಗುತ್ತದೆ. ಗಾಳಿ ಅದರ ಬೆನ್ನಿಗೆ ಅಂಟಿಕೊಂಡೇ ಹರಿದು, ಹಿಂದಿನ ಅಂಚಿನಲ್ಲಿ ಕೆಳಮುಖವಾಗಿ ಹೊರಡುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ಕಳಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಅಂಚನ್ನು ಇನ್ನೂ ಎತ್ತಿದರೆ ಇನ್ನೂ ಹೆಚ್ಚು ಎತ್ತುತ್ತದೆ. ಇದಕ್ಕೆ ಒಂದು ಮಿತಿ ಇದೆ. ಕಾತ್ರಜ ಘಾಟಿನಲ್ಲಿ ತಿರುವು ತೀರ ಕಡಿದಾದರೆ ಲಾರಿ ರಸ್ತೆ ಬಿಟ್ಟು ಹೋಗುವ ಹಾಗೆ, ಮಿತಿ ಮೀರಿ ಎತ್ತಿದ ರೆಕ್ಕೆಯ ಬೆನ್ನು ಹಿಡಿದು ಹೋಗಲು ಗಾಳಿಗೆ ಆಗುವುದಿಲ್ಲ. ಚೆದುರಿಬಿಡುತ್ತದೆ. ಗಾಳಿ ಕೈ ಬಿಡುತ್ತದೆ. ಆಗ ವಿಮಾನ ಕುಸಿಯುತ್ತದೆ. ಕುಸಿಯುವಾಗ ಹೆದರಿದವನು ಮೂತಿ ಮೇಲಕ್ಕೆ ಎಳೆಯುತ್ತಾನೆ, ಎಳೆದಷ್ಟೂ ಗಾಳಿ ಇನ್ನೂ ದೂರ. ಅವನು ಮಾಡಬೇಕಾದದ್ದು ಮೂತಿ ಕೆಳಕ್ಕೆ ಒತ್ತಿ ಗಾಳಿ ಮತ್ತೆ ಬಂದು ಬೆನ್ನು ಹಿಡಿಯಲು ಬಿಡುವುದು.

ಇದರಲ್ಲಿ ‘ಲಾರಿ’ ಇಂಗ್ಲಿಷ್ ಎಂದರೆ ನಾನು ಕೇಳುವುದಿಲ್ಲ.

ಅವ್ವ ಎಲ್ಲ ಕೇಳಿ, ‘ಇಷ್ಟ್ ಚೊಲೊ ತಿಳೀತು ನನಗ, ನೀ ಎರಡ್ ಸಲ ಹೆಂಗ ಬಿದ್ದಿ?’ ಎಂದಳು. ನೀವು ನಿಂತ ಕಡೆಯಲ್ಲಿ ನಾನು ನಿಲ್ಲಲಿಲ್ಲ, ಅಷ್ಟೇ ಉತ್ತರ.

ಬೋರ್ಡು ಕೆಳಗಿಳಿಸಿ ಸರ್. ಅಕ್ಕಾರು ಪಕ್ಕದಲ್ಲೇ ನಿಲ್ಲಲಿ, ಬೇಕಾದರೆ ಎಲ್ಲರಿಗೂ ಕಾಣುವ ಹಾಗೆ ನಿಲ್ಲಲಿ. ನಿಮ್ಮ ಫೋನ್ ನಂಬರ್ ಸಹ ಕೊಡಿ. ಅಂಚೆಯವರನ್ನು ನಂಬಿ ಕೂತರೆ ಪರೀಕ್ಷೆ ಮುಗಿದುಹೋಗುತ್ತದೆ.

ನಿಮ್ಮ ವಿದ್ಯಾರ್ಥಿನಿ,
ಸಪ್ನಾ


ಹುಬ್ಬಳ್ಳಿ
೨೪ ಸೆಪ್ಟೆಂಬರ್ ೨೦೨೪

ತಂಗಿ ಸಪ್ನಾ,

ನಿನ್ನ ಬರಹದಲ್ಲಿ ಒಂದು ತಪ್ಪು. ಮಿತಿ ಮೀರಿದ ಕೂಡಲೇ ಎತ್ತುವುದು ಪೂರ್ತಿ ನಿಂತುಹೋಗುತ್ತದೆ ಎನ್ನುವ ಹಾಗೆ ಬರೆದಿದ್ದಿ. ಪೂರ್ತಿ ಹೋಗುವುದಿಲ್ಲ. ಕಡಿಮೆಯಾಗುತ್ತದೆ, ವಿಮಾನದ ಭಾರಕ್ಕೆ ಸಾಲುವುದಿಲ್ಲ. ಪರೀಕ್ಷೆಯಲ್ಲಿ ಇದನ್ನೇ ತಿರುಚಿ ಕೇಳುತ್ತಾರೆ. ಉಳಿದದ್ದು ಸರಿ. ಭಾಗ್ಯಾ ಓದಿದ್ದಾಳೆ. ಇಷ್ಟು ವರ್ಷ ಬಾಯಿಪಾಠ ಮಾಡಿದ್ದು ಏನೆಂದು ಈಗ ತಿಳಿಯಿತು ಎಂದಳು. ಅದಕ್ಕೂ ನನ್ನನ್ನೇ ಬೈದಳು.

ಬರುವ ಭಾನುವಾರ ನೋಡು.

ನಂಬರ್ ಕೆಳಗಿದೆ. ಫೋನ್ ಮಾಡಬೇಡ. ನಾನು ಶಬ್ದ ಹುಡುಕುವಷ್ಟರಲ್ಲಿ ಜನ ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ. ಕಾಗದವೇ ವಾಸಿ.

ಸಿದ್ದಾರೂಢ ಕೋರಿ


ಧನಕವಡಿ
೨೦ ಅಕ್ಟೋಬರ್ ೨೦೨೪

ಸರ್,

ನಿನ್ನೆ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಇದು ಉತ್ತರ. ‘ಎಪ್ಪತ್ತಾರು ಬಂತು, ಪಾಸಾದೆ’ ಎಂದು ಹುಡುಗಿಯೊಬ್ಬಳು ಸಂಭ್ರಮದಿಂದ ಹೇಳಿದರೆ, ‘ಉಳಿದ ಇಪ್ಪತ್ನಾಕು?’ ಎಂದು ಕೇಳುವವರು ಈ ದೇಶದಲ್ಲಿ ನೀವೊಬ್ಬರೇ ಇರಬೇಕು. ಅಪ್ಪ ಪೇಢೆ ಹಂಚುತ್ತಿದ್ದರು. ಚಾಕಣದ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಿ ಎಂದು ಕಿಶೋರ ತನ್ನ ಕಾರ್ಖಾನೆಯ ಸಾಹೇಬರಿಗೆ ಫೋನಿನಲ್ಲಿ ಹೇಳುತ್ತಿದ್ದ. ನಾನು ಮೂಲೆಯಲ್ಲಿ ನಿಂತು ತಪ್ಪಿದ ಪ್ರಶ್ನೆಗಳನ್ನು ನೆನಪಿಸಿಕೊಳ್ಳುತ್ತಿದ್ದೆ. ನೆನಪಿರುವಷ್ಟನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಎರಡು ಅವಸರದಿಂದ ತಪ್ಪಿದವು. ಮಿಕ್ಕವು ತಿಳಿಯದೆ ತಪ್ಪಿದವು, ಬಿಡಿಸಿ ಹೇಳಿರಿ. ನೀವು ಎಚ್ಚರಿಸಿದ ಆ ತಿರುಚಿದ ಪ್ರಶ್ನೆ ಬಂದಿತ್ತು. ಅದು ಸರಿಯಾಯಿತು.

ಬಾಗಿದ ರೆಕ್ಕೆಯ ಪಾಠದ ಬಗ್ಗೆ ಬರೆಯಲೇಬೇಕು. ಪರೀಕ್ಷೆಯ ಅವಸರದಲ್ಲಿ ಅದನ್ನು ಬರೆಯಲಾಗಿರಲಿಲ್ಲ. ಭಾಗ್ಯಾ ಅಕ್ಕಾರು ಹಸಿರು ಸೀರೆಯಲ್ಲಿ ನಿಮ್ಮ ಪಕ್ಕ ಕುರ್ಚಿ ಹಾಕಿಕೊಂಡು ಕೂತದ್ದು ಕಂಡು ನಾನು ಅವ್ವನನ್ನೂ ಕರೆದೆ. ಇಬ್ಬರೂ ಇದ್ದ ವೇಗದಲ್ಲೇ ನೋಡಿದೆವು. ಇಂಥ ರೆಕ್ಕೆಯಲ್ಲಿ ಸ್ಟಾಲ್ ತುದಿಯಿಂದ ಶುರುವಾಗುತ್ತದೆ, ಆಗ ಮೂತಿ ತಾನೇ ಮೇಲೇಳುತ್ತದೆ, ಅದಕ್ಕೇ ಅಪಾಯ ಎನ್ನುವವರೆಗೆ ಬಂದಿರಿ. ‘ಟಿಪ್ ಪರ್ ಫ್ಲೋ’, ತುದಿಯಲ್ಲಿ ಗಾಳಿಯ ಹರಿವು, ಎಂದು ನಿಂತಿರಿ. ಮುಂದಿನ ಇಂಗ್ಲಿಷ್ ಶಬ್ದ ನನಗೂ ಗೊತ್ತಿತ್ತು. ಅಕ್ಕಾರಿಗೂ ಗೊತ್ತಿತ್ತು, ಅವರ ತುಟಿ ಅಲುಗಿತು. ಆದರೆ ಅವರು ಹೇಳಲಿಲ್ಲ, ನಿಮ್ಮನ್ನೇ ನೋಡುತ್ತ ಕೂತರು. ನೀವು ಎಡಕ್ಕೂ ನೋಡಲಿಲ್ಲ. ನೆಟ್ಟಗೆ ನಮ್ಮ ಕಡೆ ನೋಡಿ ‘ಗಾಳಿ ಕೈ ಬಿಡತದ’ ಎಂದಿರಿ. ಎಂದು, ಮುಂದಿನ ವಾಕ್ಯಕ್ಕೆ ಹೋದಿರಿ.

ನಮ್ಮ ಗ್ರೂಪಿನಲ್ಲಿ ಗದ್ದಲವೋ ಗದ್ದಲ. ಸರ್ ಇದೇನು ಹೇಳಿದರು, ಇದು ಯಾವ ಫಾರ್ಮುಲಾ ಎಂದು ದಿಲ್ಲಿಯವರು, ಪಟ್ನಾದವರು ಎಲ್ಲ ಕೇಳಿದರು. ನಾನು ಬಿಡಿಸಿ ಹೇಳಿದೆ. ಪಾಠವನ್ನು ಓಡಿಸಿಕೊಂಡು ನೋಡಬೇಡಿ ಎಂದೂ ಹೇಳಿದೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಫೋನ್ ಮಾಡಬೇಡ ಎಂದು ನೀವು ಬರೆದಿದ್ದರೂ ಮಾಡಿದೆ. ಫಲಿತಾಂಶ ನೋಡಿದ ಮೇಲೆ ಅಂಚೆಗೆ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ನೀವು ಆ ಇಪ್ಪತ್ನಾಲ್ಕರ ಪ್ರಶ್ನೆ ಕೇಳುವ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ, ಆ ಕಡೆಯಿಂದ ನಿಮಗೆ ಅದು ಕೇಳಿಸಿರಲಿಕ್ಕಿಲ್ಲ. ‘ಪಾಸಾದೆ ಸರ್’ ಎಂದೆ. ಆ ಕಡೆ ಏನೂ ಇಲ್ಲ. ನಿಮ್ಮ ಉಸಿರು ಮಾತ್ರ ಇತ್ತು, ಎಲ್ಲೋ ದೂರದಲ್ಲಿ ಕುಕ್ಕರ್ ಕೂಗಿತು. ನಾನು ಹಲೋ ಎನ್ನಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತೆ. ಅವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದು ನನ್ನ ಮುಖ ನೋಡಿದಳು.

‘ಯಾಕ, ಲೈನ್ ಕಟ್ ಆತೇನ?’ ಎಂದಳು.

‘ಇಲ್ಲವ್ವ,’ ಎಂದೆ. ‘ಸರ್ ಮಾತಾಡಾಕತ್ಯಾರ.’

ಸಪ್ನಾ